ಕೆರೆಗೆ ಹಾರದ ಪಕ್ಕ ಒಂದು ವಿಡಿಯೋ ಗೇಮ್ ಇಟ್ಟು ನೋಡುವುದು ಹೇಗೆ

ನಮ್ಮ ದೊಡ್ಡವ್ವ 'ಕೆರೆಗೆ ಹಾರ' ಹಾಡುವಾಗ ಒಂದು ಜಾಗದಲ್ಲಿ ತಪ್ಪದೆ ನಿಲ್ಲಿಸುತ್ತಿದ್ದಳು. ಭಾಗೀರತಿ ಬೇಳೆ ಹಸನು ಮಾಡುತ್ತ ಕೂತಿದ್ದಾಳೆ. ಕಣ್ಣಲ್ಲಿ ನೀರು. ಯಾಕೆ ಅಂತ ಮಾವ ಕೇಳುತ್ತಾನೆ. ಬೇಳೆಯೊಳಗಿನ ಹಳ್ಳು ಕಣ್ಣಿಗೆ ಬಿತ್ತು ಅನ್ನುತ್ತಾಳೆ ಅವಳು. ಇಷ್ಟು ಹಾಡಿ ದೊಡ್ಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಒಂದು ಗುಟುಕು ನೀರು ಕುಡಿದು, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಎಷ್ಟೋ ವರ್ಷ ಆದ ಮೇಲೆ, ಹಾಸ್ಟೆಲ್ ರೂಮಿನಲ್ಲಿ, ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 2 ಮೇಲೆ 'ಫೈನಲ್ ಫ್ಯಾಂಟಸಿ 10' ಆಡುತ್ತಿದ್ದೆ. ಲೂಕಾ ಅನ್ನುವ ಊರಿನಲ್ಲಿ ಯೂನಾ ಎಂಬ ಹುಡುಗಿ, ನಾವು ಆಡಿಸುವ ಹುಡುಗ ಟೀಡಸ್‌ಗೆ ಒಂದು ಮಾತು ಹೇಳುತ್ತಾಳೆ. ದುಃಖವಾದಾಗ ನಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ, ಈ ಪ್ರಯಾಣ ನಗುವಿನಿಂದ ತುಂಬಿರಲಿ ಅಂತ ನನ್ನ ಆಸೆ ಅಂತ. ನಾನು ಕಂಟ್ರೋಲರ್ ಕೆಳಗಿಟ್ಟೆ. ಬೇಳೆ ಹಳ್ಳು ನೆನಪಾಯಿತು.

ಅಂದಿನಿಂದ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತ ಬಂದಿದ್ದೇನೆ. ನಿಮಗೂ ಒಂದು ಜನಪದ ಹಾಡು ಮತ್ತು ಒಂದು ಗೇಮ್ ಹೀಗೆ ಮನಸ್ಸಿನಲ್ಲಿ ಅಂಟಿಕೊಂಡಿದ್ದರೆ, ಅದರ ಬಗ್ಗೆ ಬರೆಯಬೇಕು ಅಥವಾ ಕ್ಲಾಸಿನಲ್ಲಿ ಮಾತಾಡಬೇಕು ಅನ್ನಿಸಿದ್ದರೆ, ನಾನು ಮಾಡುವ ರೀತಿ ಹೇಳುತ್ತೇನೆ. ಎರಡರ ಕೊನೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಗೇಮ್ ಆಡದವರು ಮೊದಲು ಆಡಿ ಬಂದರೆ ಒಳ್ಳೆಯದು.

ಮೊದಲು ಹಾಡು

ಹಾಡನ್ನು ಓದಬೇಡಿ, ಕೇಳಿ. ಪಠ್ಯಪುಸ್ತಕದಲ್ಲಿ ಓದಿದವರಿಗೆ ಕಥೆ ಗೊತ್ತಿರುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಬೊಗಸೆ ನೀರೂ ಬರುವುದಿಲ್ಲ. ಜೋಯಿಸರು ಹಿರಿ ಸೊಸೆಯನ್ನು ಕೊಡಿ ಅನ್ನುತ್ತಾರೆ. ಹಿರಿ ಸೊಸೆಯನ್ನು ಕೊಟ್ಟರೆ ಮನೆಯ ಹಿರೇತನಕ್ಕೆ ಯಾರು? ಕಿರಿ ಸೊಸೆ ಭಾಗೀರತಿಯನ್ನೇ ಕೊಡುವುದು ಅಂತ ತೀರ್ಮಾನವಾಗುತ್ತದೆ. ಹೆಸರಿನಲ್ಲಿರುವ ಹಾರ ಕೊರಳಿನ ಹಾರವಲ್ಲ, ಆಹಾರ. ಕೆರೆಗೆ ಆಹಾರ.

ಓದುವಾಗ ಕಥೆ ಬೇಗ ಮುಗಿದುಹೋಗುತ್ತದೆ. ಕೇಳುವಾಗ ಹಾಗಲ್ಲ. ಒಂದೇ ಸಾಲನ್ನು ಎರಡೆರಡು ಸಲ ಹಾಡುತ್ತಾರೆ. ಎಲ್ಲಿ ದನಿ ಎಳೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಜಾಸ್ತಿ ಸಿಗುವುದು ಅಲ್ಲೇ.

ರೆಕಾರ್ಡ್ ಮಾಡಿದರೆ ಅದೇ ದಿನ ಎರಡು ಕಡೆ ಕಾಪಿ ಇಡಿ. ದೊಡ್ಡವ್ವ ಪೂರ್ತಿ ಹಾಡಿದ್ದನ್ನು ನಾನು ಫೋನಿನಲ್ಲಿ ಮಾತ್ರ ಇಟ್ಟುಕೊಂಡಿದ್ದೆ. ರಿಪೇರಿಗೆ ಕೊಟ್ಟಾಗ ಅಂಗಡಿಯಲ್ಲಿ ಕೇಳದೆ ಎಲ್ಲ ಅಳಿಸಿಬಿಟ್ಟರು. ಇಪ್ಪತ್ತೆರಡು ನಿಮಿಷದ ದನಿ ಹೋಯಿತು. ಮುಂದಿನ ದೀಪಾವಳಿಗೆ ಊರಿಗೆ ಹೋಗಿ ಮತ್ತೆ ಹಾಡಿಸಿಕೊಂಡೆ. ಆ ಸಲ ಎರಡು ನುಡಿ ಬೇರೆ ಬಂದವು. ಹಾಗಾಗಿ ಒಬ್ಬರದೇ ಹಾಡನ್ನೂ ಎರಡು ಸಲ ಕೇಳಿ. ಮುಂದೆ ನಾನು ಹಾಡಿನ ಬಗ್ಗೆ ಹೇಳುವುದೆಲ್ಲ ದೊಡ್ಡವ್ವನ ಪಾಠ, ಅಂದರೆ ಅವಳು ಹಾಡುವ ರೂಪ. ನಿಮ್ಮ ಊರಲ್ಲಿ ಸ್ವಲ್ಪ ಬೇರೆ ಇರಬಹುದು. ನೀವು ಬರೆಯುವಾಗಲೂ ಯಾರ ಪಾಠ ಅಂತ ಹೇಳಿಬಿಡಿ.

ಆಮೇಲೆ ಗೇಮ್

'ಫೈನಲ್ ಫ್ಯಾಂಟಸಿ 10' ಜಪಾನಿನ ಸ್ಕ್ವೇರ್ ಕಂಪನಿ 2001ರಲ್ಲಿ ತಂದ ಗೇಮ್. ಈಗ ಅದರ ಎಚ್‌ಡಿ ಆವೃತ್ತಿ ಕಂಪ್ಯೂಟರಿಗೂ ಸಿಗುತ್ತದೆ. ಸ್ಪೈರಾ ಎಂಬ ಲೋಕ. ಅಲ್ಲಿ ಸಿನ್ ಅನ್ನುವ ಒಂದು ದೈತ್ಯ ಜೀವಿ ಸಮುದ್ರದಿಂದ ಬಂದು ಊರುಗಳನ್ನು ಅಳಿಸಿ ಹಾಕುತ್ತಿರುತ್ತದೆ. ಅದನ್ನು ತಡೆಯಲು 'ಸಮನರ್' ಅನ್ನುವವರು ಗುಡಿಯಿಂದ ಗುಡಿಗೆ ಯಾತ್ರೆ ಮಾಡಿ, ಕೊನೆಗೆ ಜಾನಾರ್ಕಂಡ್ ಎಂಬ ಹಾಳೂರಿಗೆ ಹೋಗಿ ಅಂತಿಮ ಶಕ್ತಿಯನ್ನು ಪಡೆಯಬೇಕು. ಅದನ್ನು ಬಳಸಿದರೆ ಸಿನ್ ಹೋಗುತ್ತದೆ. ಬಳಸಿದವರೂ ಸಾಯುತ್ತಾರೆ. ಯೂನಾಳ ಅಪ್ಪ ಬ್ರಾಸ್ಕಾ ಹತ್ತು ವರ್ಷದ ಹಿಂದೆ ಹಾಗೇ ಸತ್ತಿದ್ದಾನೆ. ಈಗ ಹದಿನೇಳು ವರ್ಷದ ಯೂನಾ ಹೊರಟಿದ್ದಾಳೆ.

ಮೊದಲ ಸಲ ಆಡುವಾಗ, ಹೇಗೆ ಆಡಬೇಕು ಅಂತ ಹೆಜ್ಜೆ ಹೆಜ್ಜೆಗೂ ಹೇಳುವ ವಾಕ್‌ಥ್ರೂ ನೋಡಬೇಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಸೇವ್ ಮಾಡುವ ಪ್ರತಿ ಸಲವೂ ಒಂದು ಸಾಲು ಬರೆಯಿರಿ. ಯಾರು ಏನು ಹೇಳಿದರು ಅನ್ನುವುದಕ್ಕಿಂತ, ಯಾರು ಏನು ಹೇಳದೆ ಸುಮ್ಮನಾದರು ಅಂತ. ಯೂನಾಳ ಜೊತೆ ಹೊರಟವರಲ್ಲಿ ಲೂಲೂ ಮಾತು ತಿರುಗಿಸಿದಳು, ವಾಕಾ ಬೇರೆ ಕಡೆ ನೋಡಿದ, ಇಂಥವು. ಆಗ ಅರ್ಥವಾಗದಿದ್ದರೂ ಬರೆದಿಡಿ.

ಯಾರಿಗೆ ಗೊತ್ತು?

ಇಬ್ಬರು ಹೆಣ್ಣುಮಕ್ಕಳನ್ನು ಬಲಿ ಕೊಡುತ್ತಾರೆ, ಹಾಗಾಗಿ ಎರಡೂ ಒಂದೇ ಅಂತ ಬರೆದುಬಿಟ್ಟರೆ ಲೇಖನ ಅಲ್ಲೇ ನಿಂತುಹೋಗುತ್ತದೆ. ಅಂಥ ಕಥೆಗಳು ಎಲ್ಲ ಕಡೆಯೂ ಇವೆ. ಸೇತುವೆ, ಅಣೆಕಟ್ಟು, ಕೋಟೆ ನಿಲ್ಲಲಿ ಅಂತ ಮನುಷ್ಯರನ್ನು ಹೂಳುವ 'ಹಿತೊಬಶಿರಾ' ಕಥೆಗಳು ಜಪಾನಿನಲ್ಲೇ ಇವೆ. ಸರ್ಬಿಯಾದ ಒಂದು ಹಳೆಯ ಹಾಡಿನಲ್ಲಿ ಸ್ಕಾದರ್ ಕೋಟೆ ನಿಲ್ಲಲು ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿಯನ್ನೇ ಗೋಡೆಯೊಳಗೆ ಇಡುತ್ತಾರೆ. ಅಲ್ಲೂ ಕಿರಿಯವಳೇ! ಇಷ್ಟರಿಂದ ಒಂದನ್ನು ನೋಡಿ ಇನ್ನೊಂದು ಮಾಡಿದರು ಅಂತ ಹೇಳಲು ಬರುವುದಿಲ್ಲ. ಆ ಆಸೆಯನ್ನು ಮೊದಲೇ ಬಿಟ್ಟುಬಿಡಿ.

ಅದರ ಬದಲು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹಾಡು, ಬಲಕ್ಕೆ ಗೇಮ್. ಅವಳು ಸಾಯುತ್ತಾಳೆ ಅನ್ನುವುದು ಯಾರಿಗೆ ಯಾವಾಗ ಗೊತ್ತಾಗುತ್ತದೆ ಅಂತ ಬರೆಯುತ್ತ ಹೋಗಿ.

ಎಡಕ್ಕೆ: ಮಾವನಿಗೆ ಗೊತ್ತು. ಮನೆಯವರಿಗೆ ಗೊತ್ತು. ಭಾಗೀರತಿಗೆ ಗೊತ್ತಾಗುತ್ತದೆ. ತವರಿಗೆ ಓಡುತ್ತಾಳೆ. ಮುಖ ಯಾಕೆ ಬಾಡಿದೆ ಅಂತ ಅಪ್ಪ ಕೇಳಿದರೆ ನಿಜ ಹೇಳುವುದಿಲ್ಲ. ನಮ್ಮನ್ನು ಬೇರೆ ಇಡುತ್ತಾರಂತೆ ಅಂತಷ್ಟೇ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ತಾಯಿ ಒಡವೆಯ ಮಾತಾಡುತ್ತಾಳೆ. ಗೆಳತಿಯ ಹತ್ತಿರ ಮಾತ್ರ ಕೆರೆಗೆ ಹಾರ ಕೊಡುತ್ತಾರೆ ಅಂತ ಬಾಯಿ ಬಿಡುತ್ತಾಳೆ. ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ ಗೆಳತಿ. ದಂಡಿಗೆ ಹೋಗಿರುವ ಗಂಡ ಮಾದೇವರಾಯನಿಗೆ ಏನೂ ಗೊತ್ತಿಲ್ಲ.

ಬಲಕ್ಕೆ: ಯೂನಾಗೆ ಗೊತ್ತು. ವಾಕಾ, ಲೂಲೂ, ಕಿಮಾರಿ, ಆರನ್, ಎಲ್ಲರಿಗೂ ಗೊತ್ತು. ದಾರಿಯಲ್ಲಿ ಸಿಕ್ಕು ಕೈಮುಗಿಯುವ ಜನಕ್ಕೂ ಗೊತ್ತು. ಬೇರೆ ಲೋಕದಿಂದ ಬಂದು ಬಿದ್ದಿರುವ ಟೀಡಸ್‌ಗೆ ಮಾತ್ರ ಗೊತ್ತಿಲ್ಲ. ಅವನು ದಾರಿಯುದ್ದಕ್ಕೂ ಸಿನ್ ಹೋದ ಮೇಲೆ ಏನೇನು ಮಾಡೋಣ ಅಂತ ಅವಳಿಗೆ ಹೇಳುತ್ತ ಬರುತ್ತಾನೆ. ಮರುಭೂಮಿಯಲ್ಲಿ ಅಲ್ ಬೆಡ್ ಜನರ ನೆಲೆ ಉರಿಯುತ್ತಿರುವಾಗ ಅವನಿಗೆ ನಿಜ ತಿಳಿಯುತ್ತದೆ. ಯೂನಾಳ ಮುಂದೆ ತಾನು ಆಡಿದ ಮಾತುಗಳೆಲ್ಲ ಆಗ ಅವನಿಗೇ ತಿರುಗಿ ಚುಚ್ಚುತ್ತವೆ.

ಹಾಳೆ ತುಂಬಿದಾಗ ನನಗೆ ಕಂಡದ್ದು ಇದು. ಎರಡು ಕಥೆಗಳೂ ಸಾವಿನ ಸುತ್ತ ತಿರುಗುತ್ತಿಲ್ಲ. ಎಲ್ಲರಿಗೂ ಗೊತ್ತಿದ್ದು, ಅವಳನ್ನು ಜಾಸ್ತಿ ಪ್ರೀತಿಸುವವನಿಗೆ ಕೊನೆಗೆ ಗೊತ್ತಾಗುವುದರ ಸುತ್ತ ತಿರುಗುತ್ತಿವೆ. ಇನ್ನೊಂದೂ ಕಂಡಿತು. ಹಾಡು ನಮ್ಮನ್ನು ಭಾಗೀರತಿಯ ಜೊತೆ ನಡೆಸುತ್ತದೆ. ತವರಿಗೂ, ಗೆಳತಿಯ ಮನೆಗೂ ನಾವು ಅವಳ ಹಿಂದೆಯೇ ಇರುತ್ತೇವೆ. ಗೇಮ್ ನಮ್ಮನ್ನು ದಂಡಿಗೆ ಕಳಿಸಿಬಿಡುತ್ತದೆ. ನಾವೇ ಮಾದೇವರಾಯ.

ಅದಕ್ಕೇ ಗೇಮನ್ನು ಎರಡನೇ ಸಲ ಆಡಬೇಕು. ಪೂರ್ತಿ ಆಗದಿದ್ದರೆ ಬೆಸೇಡ್ ದ್ವೀಪದಿಂದ ಲೂಕಾವರೆಗಾದರೂ ಆಡಿ. ಈಗ ನಿಮಗೆ ಗೊತ್ತಿದೆ, ಅಲ್ವಾ? ಈಗ ನೀವು ಭಾಗೀರತಿಯ ಹಿಂದೆ ನಡೆಯುತ್ತಿದ್ದೀರಿ. ನೋಟ್‌ಬುಕ್ ತೆಗೆದು ನೋಡಿ. ವಾಕಾ ಯಾಕೆ ಬೇರೆ ಕಡೆ ನೋಡಿದ ಅಂತ ಗೊತ್ತಾಗುತ್ತದೆ.

ಲೂಕಾದ ಆ ದೃಶ್ಯದಲ್ಲಿ ಇಬ್ಬರೂ ಬೇಕೆಂದೇ ಜೋರಾಗಿ ನಗುತ್ತಾರೆ. ಹಾ ಹಾ ಹಾ ಅಂತ ಒತ್ತಿ ಒತ್ತಿ ನಗುವ ಸದ್ದು. ಅದೊಂದನ್ನೇ ಕತ್ತರಿಸಿ ಕೆಟ್ಟ ನಟನೆ ಅಂತ ತೋರಿಸುವವರು ತುಂಬಾ ಜನ. ನನಗೆ ಅದು ಬಹಳ ನೋವಾಗುತ್ತದೆ. ಆ ನಗು ಹಾಗೆ ಒಡೆದ ಹಾಗೇ ಇರಬೇಕು. ನಗಲು ಆಗದವಳು ಕಲಿತುಕೊಂಡ ನಗು ಅದು. ಬೇಳೆ ಹಳ್ಳು ಕಣ್ಣಿಗೆ ಬಿತ್ತು ಅಂದವಳ ದನಿಯೂ ಸರಿಯಾಗಿ ಬಂದಿರಲಿಕ್ಕಿಲ್ಲ.

ನೀರು ಹೇಗೆ ಏರುತ್ತದೆ

ಹೋಲಿಕೆ ಕೈಗೆ ಸಿಗಬೇಕಾದರೆ ಎರಡರಲ್ಲೂ ಇರುವ ಒಂದು ವಸ್ತುವನ್ನು ಹಿಡಿದುಕೊಳ್ಳಿ. ಇಲ್ಲಿ ನೀರು.

ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿದಿದೆ ಅನ್ನುತ್ತಾರೆ. ತರಲು ಕಿರಿ ಸೊಸೆಯೇ ಹೋಗಬೇಕು. ಅವಳು ಬಟ್ಟಲು ತೆಗೆದುಕೊಂಡು ಮೆಟ್ಟಿಲು ಏರುತ್ತಾಳೆ. ಒಂದು ಮೆಟ್ಟಿಲಿಗೆ ಪಾದಕ್ಕೆ ನೀರು. ಇನ್ನೊಂದಕ್ಕೆ ಮೊಣಕಾಲಿಗೆ. ಇನ್ನೊಂದಕ್ಕೆ ನಡುವಿಗೆ. ಅವಳು ಮೇಲೆ ಬರುತ್ತಿದ್ದಾಳೆ, ನೀರು ಅವಳಿಗಿಂತ ಬೇಗ ಬರುತ್ತಿದೆ. ದೊಡ್ಡವ್ವ ಇಲ್ಲಿ ಧಾಟಿ ಬದಲಿಸುವುದೇ ಇಲ್ಲ. ಪಾದಕ್ಕೂ ನಡುವಿಗೂ ಅದೇ ಧಾಟಿ. ಅದನ್ನು ತಡೆದುಕೊಳ್ಳುವುದು ಕಷ್ಟ.

ಗೇಮಿನಲ್ಲಿ ಕಿಲಿಕಾ ಊರನ್ನು ಸಿನ್ ಒಡೆದು ಹಾಕಿದ ಮೇಲೆ, ಸತ್ತವರನ್ನು ಪರಲೋಕಕ್ಕೆ ಕಳಿಸಿಕೊಡಲು ಯೂನಾ ನೀರಿನ ಮೇಲೆ ಬರಿಗಾಲಲ್ಲಿ ನಡೆದು ಹೋಗುತ್ತಾಳೆ. ಹೆಣಗಳು ನೀರೊಳಗೆ ಇವೆ. ಅವಳು ಕೋಲು ತಿರುಗಿಸುತ್ತ ಕುಣಿಯುತ್ತಾಳೆ. ಅವಳ ಕಾಲಡಿ ನೀರು ಕಂಬದ ಹಾಗೆ ಎದ್ದು ಅವಳನ್ನು ಮೇಲಕ್ಕೆ ಎತ್ತುತ್ತದೆ. ಅಲ್ಲಿ ಮುಳುಗಿಸುವ ನೀರು, ಇಲ್ಲಿ ಎತ್ತುವ ನೀರು. ಆದರೆ ದಡದಲ್ಲಿ ನಿಂತವರು ಎರಡು ಕಡೆಯೂ ಸುಮ್ನೆ ನೋಡುತ್ತಿರುತ್ತಾರೆ. ನಾನು ಈ ದೃಶ್ಯವನ್ನು ದನಿ ತೆಗೆದು ಒಂದು ಸಲ, ಪರದೆ ಮುಚ್ಚಿ ದನಿ ಮಾತ್ರ ಒಂದು ಸಲ ನೋಡಿದೆ, ಕೇಳಿದೆ. ನೀವೂ ಹಾಗೆ ಮಾಡಿ.

ದನಿಯ ಮಾತು ಬಂದಾಗ ಒಂದು ವಿಷಯ. ಗೇಮಿನ ಮುಖ್ಯ ಹಾಡನ್ನು ಹಾಡಿದವರು ರಿಕ್ಕಿ. ಅಮಾಮಿ ದ್ವೀಪದ ಜನಪದ ಹಾಡುಗಳನ್ನು ಹಾಡಿ ಬೆಳೆದವರು. ಸಂಗೀತ ಮಾಡಿದ ನೊಬುವೊ ಉಯೆಮಾತ್ಸು ಆ ದನಿಯನ್ನೇ ಆರಿಸಿಕೊಂಡರು. ಇಂಗ್ಲಿಷ್ ಆವೃತ್ತಿಯಲ್ಲೂ ಆ ಹಾಡು ಜಪಾನಿಯಲ್ಲೇ ಇದೆ. ಪದ ಅರ್ಥವಾಗದೆಯೂ ಕೇಳಿ ನೋಡಿ.

ಎಲ್ಲಿ ಹೊಂದುವುದಿಲ್ಲ

ಇದನ್ನು ಬಿಟ್ಟರೆ ಹಾಡಿಗೆ ಅನ್ಯಾಯ ಮಾಡಿದ ಹಾಗೆ. ಯೂನಾ ತಾನೇ ಹೊರಟವಳು. ಭಾಗೀರತಿಯನ್ನು ಯಾರೂ ಕೇಳಲಿಲ್ಲ. ಅವಳ ಸಾವನ್ನು ತ್ಯಾಗ ಅಂತ ಬರೆಯುವುದು ರೂಢಿ. ನಾನು ಆ ಪದ ಬಳಸುವುದಿಲ್ಲ. ಅವಳು ತವರಿಗೆ ಓಡಿದ್ದು ಬದುಕಲು. ಬಾಗಿಲು ಬಾಗಿಲಿಗೆ ಹೋದಳು, ಯಾವುದೂ ತೆರೆಯಲಿಲ್ಲ. ಹಾಡು ಅದನ್ನು ಎಳೆ ಎಳೆಯಾಗಿ ಹೇಳುತ್ತದೆ.

ಯೂನಾಳ ಕಥೆ ಜಾನಾರ್ಕಂಡ್‌ನಲ್ಲಿ ತಿರುಗುತ್ತದೆ. ಅಂತಿಮ ಶಕ್ತಿಗಾಗಿ ಜೊತೆಯವರಲ್ಲಿ ಒಬ್ಬರನ್ನು ಕೊಡಬೇಕು, ಕೊಟ್ಟರೂ ಸಿನ್ ಮತ್ತೆ ಹುಟ್ಟಿ ಬರುತ್ತದೆ ಅಂತ ಅಲ್ಲಿ ತಿಳಿಯುತ್ತದೆ. ಯೂನಾ ಒಲ್ಲೆ ಅನ್ನುತ್ತಾಳೆ. ಕೆರೆಗೆ ನೀರು ನಿಜವಾಗಿ ಬಂತು. ಸ್ಪೈರಾದಲ್ಲಿ ನೆಮ್ಮದಿ ಸ್ವಲ್ಪ ದಿನದ್ದು. ನಿಜವಾಗಿ ನೀರು ಬಂದದ್ದರಿಂದಲೇ ಹಾಡು ಜಾಸ್ತಿ ಭಾರ. ಆ ನೀರನ್ನು ಊರು ಕುಡಿಯಬೇಕಲ್ಲ.

ಈ ಭಾಗಕ್ಕೆ ಹೋಲಿಕೆಯಷ್ಟೇ ಜಾಗ ಕೊಡಿ.

ಓದಿ ತೋರಿಸುವುದು

ಬರೆದ ಮೇಲೆ ಎರಡರಲ್ಲಿ ಒಂದು ಮಾತ್ರ ಗೊತ್ತಿರುವವರಿಗೆ ಓದಿ ತೋರಿಸಿ. ಗೇಮ್ ಆಡುವ ಗೆಳೆಯನಿಗೆ ಬಟ್ಟಲಿನ ನುಡಿ ಅರ್ಥವಾಗಬೇಕು. ಹಾಡು ಬಲ್ಲವರಿಗೆ ಯೂನಾ ಯಾರು ಅಂತ ತಿಳಿಯಬೇಕು. ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ.

ನಾನು ದೊಡ್ಡವ್ವನಿಗೇ ಹೇಳಿದೆ. ಒಂದು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ. ಮಾದೇವರಾಯ ಕನಸು ಕಂಡು ಕುದುರೆ ಏರಿ ಬಂದು, ಕೊನೆಗೆ ಅದೇ ಕೆರೆಗೆ ಹಾರಿದ ಅಲ್ವಾ, ಇಲ್ಲಿ ಹುಡುಗಿ ಉಳಿದಳು, ಆ ಹುಡುಗನೇ ಒಂದು ಕನಸಿನಿಂದ ಆದವನು, ಕನಸು ಮುಗಿದಾಗ ಆಕಾಶದ ಹಡಗಿನಿಂದ ಕೆಳಗೆ ಹಾರಿ ಕಾಣದಾದ ಅಂದೆ.

"ಹುಡುಗಿ ಏನ್ ಮಾಡಿದ್ಲು?"

ಕಳೆದುಹೋದರೆ ಸಿಳ್ಳೆ ಹಾಕು, ಓಡಿ ಬರುತ್ತೇನೆ ಅಂತ ಅವನು ಹೇಳಿದ್ದ. ನೀರಿನ ದಂಡೆಯಲ್ಲಿ ಒಬ್ಬಳೇ ನಿಂತು ಸಿಳ್ಳೆ ಹಾಕುತ್ತಾಳೆ ಅಂದೆ.

"ಅವಗ ಕೇಳಿಸ್ತೇನು?"

ಲ್ಯಾಪ್‌ಟಾಪ್ ತಂದು ಕೊನೆಯ ತುಣುಕು ಹಾಕಿದೆ. ಟೀಡಸ್ ನೀರೊಳಗೆ ಮುದುಡಿಕೊಂಡು ತೇಲುತ್ತಿರುತ್ತಾನೆ. ಕಣ್ಣು ಬಿಡುತ್ತಾನೆ. ಬೆಳಕಿನ ಕಡೆ ಈಜುತ್ತಾನೆ. ದೊಡ್ಡವ್ವ ಕನ್ನಡಕ ಸರಿ ಮಾಡಿಕೊಂಡು ಪರದೆಗೆ ಹತ್ತಿರ ಬಗ್ಗಿದಳು.

"ಮ್ಯಾಲೆ ಬರಾಕತ್ತಾನ" ಅಂದಳು. "ಇನ್ನೊಮ್ಮೆ ಹಚ್ಚು."