ಉಳ್ಳಾಗಡ್ಡಿ ಬೀಜವನ್ನು ಮಳೆಗಾಲ ದಾಟಿಸಿದ ಲೆಕ್ಕ

ಪುಣೆ ಜಿಲ್ಲೆಯ ಶಿರೂರು, ಖೇಡ್, ಜುನ್ನರ ಕಡೆ ನಾವು ಕಟ್ಟಿದ ಸಣ್ಣ ರೈತರ ಗುಂಪುಗಳು ಈರುಳ್ಳಿ ಬೀಜ ಬೆಳೆದು ತಾವೇ ಮಾರಲಿವೆ ಎಂದಾಗ ಎಲ್ಲರೂ ಕೇಳಿದ್ದು ಒಂದೇ: ಕಂಪನಿ ಪೊಟ್ಟಣ ಬಿಟ್ಟು ನಿಮ್ಮದನ್ನು ಯಾರು ಕೊಳ್ಳುತ್ತಾರೆ? ಕೊಂಡರು. ಇದು ನಾಲ್ಕನೇ ಹಂಗಾಮು. ಕಳೆದ ಸಲ ಸುಮಾರು 11 ಕ್ವಿಂಟಲ್ ಹೋಯಿತು, ವಾಪಸ್ ಬಂದದ್ದು ಹತ್ತು ಕೆಜಿಯೊಳಗೆ. ನಿಜವಾದ ತೊಡಕು ಬೇರೆ ಕಡೆ ಇತ್ತು. ಬೀಜ ಒಕ್ಕುವುದು ಏಪ್ರಿಲ್-ಮೇ. ಹಿಂಗಾರಿ ಸಸಿಮಡಿಗೆ ಬೀಜ ಕೇಳಿಕೊಂಡು ಜನ ಬರುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ನಡುವೆ ಐದು ತಿಂಗಳು, ಅದೂ ಮಳೆಗಾಲ. ಬೀಜಕ್ಕೆ ತೇವ ತಾಗಬಾರದು, ಬೆಳೆದವನ ಕೈ ಒಣಗಬಾರದು. ಎರಡನ್ನೂ ಒಟ್ಟಿಗೆ ಬಗೆಹರಿಸದ ಗುಂಪು ಎರಡನೇ ವರ್ಷಕ್ಕೆ ಬಾಗಿಲು ಹಾಕುತ್ತದೆ.

ತಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜಗುರುನಗರದ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಭೀಮಾ ಶಕ್ತಿ ಒಂದು, ಊರವರು ಬಿಡದ ಫುರಸುಂಗಿ ಇನ್ನೊಂದು. ಎರಡನ್ನೂ ಒಂದೇ ಊರಲ್ಲಿ ಹಾಕುವುದಿಲ್ಲ, ಪರಾಗ ಬೆರೆತರೆ ತಳಿ ಕಲಸುತ್ತದೆ. ಪ್ರಮಾಣಿತ ಬೀಜಕ್ಕೆ 500 ಮೀಟರ್, ಮೂಲಬೀಜಕ್ಕೆ 1000 ಮೀಟರ್ ಅಂತರ ಬೇಕು. 10-15 ಗುಂಟೆ ಹೊಲದವನು ಅಷ್ಟು ದೂರ ಎಲ್ಲಿಂದ ತರಬೇಕು? ಹಾಗಾಗಿ ಅಂತರವನ್ನು ಹೊಲಕ್ಕಲ್ಲ, ಊರಿಗೆ ಅಳೆಯುತ್ತೇವೆ. ಒಂದು ಊರು, ಒಂದು ತಳಿ. ಮೊದಲ ವರ್ಷ ಇದನ್ನು ಪಾಲಿಸಿಯೂ ಬಣ್ಣ ಕಲಸಿತು. ಕಾರಣ, ಯಾರದೋ ಬದುವಿನ ಮೇಲೆ ಮನೆಬಳಕೆಗೆ ಬಿಟ್ಟಿದ್ದ ಹತ್ತಿಪ್ಪತ್ತು ಗಡ್ಡೆ ಹೂಬಿಟ್ಟಿದ್ದವು. ದೂರು ಬಂದದ್ದು ಮರುವರ್ಷ ಮಾರ್ಚಿನಲ್ಲಿ, ಕೊಂಡವರ ಹೊಲದಲ್ಲಿ ಗಡ್ಡೆ ಬಲಿತ ಮೇಲೆ. ಈಗ ಜನವರಿಯಲ್ಲಿ ಎರಡು ಸಲ ಬದು, ಹಿತ್ತಲು, ಬಾವಿಕಟ್ಟೆ ಎಲ್ಲ ಸುತ್ತಿ ನೋಡುವವರಿಗೆ ದಿನದ ಕೂಲಿ ಕೊಡುತ್ತೇವೆ. ಹೂದಂಡು ಕಂಡರೆ ಮುರಿದು, ಗಡ್ಡೆಯ ಬೆಲೆ ಅಲ್ಲೇ ಕೈಗೆ.

ಬೀಜಕ್ಕೆಂದು ನೆಡುವ ಗಡ್ಡೆ ಆರಿಸುವಾಗ ಜಿಪುಣತನ ಬೇಡ. 60-80 ಗ್ರಾಂ, ಸಣ್ಣ ಕುತ್ತಿಗೆ, ಒಂದೇ ಬಣ್ಣ. ಮೇಲಿನ ಮೂರನೇ ಒಂದು ಪಾಲು ಕೊಯ್ದರೆ ಮೊಳಕೆ ಬೇಗ ಬರುತ್ತದೆ, ಒಳಗೆ ಒಂದೇ ಕಣ್ಣಿದೆಯೋ ಎರಡೋ ಅದೂ ಕಾಣುತ್ತದೆ, ಎರಡಿದ್ದರೆ ಅಡುಗೆಮನೆಗೆ. ಡೆಂಗಳೆ ಎದ್ದ ಗಿಡದ, ಅಂದರೆ ಗಡ್ಡೆ ಬೆಳೆಯಲ್ಲೇ ಹೂದಂಡು ಹಾಕಿದ ಗಿಡದ ಗಡ್ಡೆಯನ್ನು ದಾಸ್ತಾನಿಗೇ ಸೇರಿಸಬಾರದು. ಅದರ ಬೀಜ ಕೊಂಡವನ ಹೊಲದಲ್ಲೂ ಅದೇ ಚಾಳಿ. 60×30 ಸೆಂಟಿಮೀಟರಿನಲ್ಲಿ ಎಕರೆಗೆ 22 ಸಾವಿರ ಗಡ್ಡೆ, ತೂಕ 15 ಕ್ವಿಂಟಲ್ ಹತ್ತಿರ. ನಾಟಿ ಅಕ್ಟೋಬರ್ ಎರಡನೇ ಪಕ್ಷದಿಂದ ನವೆಂಬರ್ ನಡುವಿನವರೆಗೆ. ಡಿಸೆಂಬರಿಗೆ ತಳ್ಳಿದ ಒಬ್ಬರ ಹೊಲದಲ್ಲಿ ಚಳಿ ಸಾಲದೆ ಅರ್ಧಕ್ಕರ್ಧ ಗಡ್ಡೆ ದಂಡೇ ಎತ್ತಲಿಲ್ಲ.

ಜೇನಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಪೆಟ್ಟಿಗೆಯನ್ನು ಬೇಗ ತಂದಿಟ್ಟು ಕೆಡಿಸಿಕೊಳ್ಳುತ್ತಾರೆ. ನೂರರಲ್ಲಿ ಹತ್ತು ಗೊಂಡೆ, ಅಂದರೆ ದಂಡಿನ ತುದಿಯ ಹೂಗುಚ್ಛ, ಅರಳಿದ ಮೇಲೆ ತರಬೇಕು. ಮೊದಲೇ ತಂದರೆ ಹುಳ ಪಕ್ಕದ ಕೊತ್ತಂಬರಿ, ಸಾಸಿವೆ ಹೂವಿನ ದಾರಿ ಕಲಿತುಬಿಡುತ್ತದೆ. ಎಕರೆಗೆ ಮೂರು ಪೆಟ್ಟಿಗೆ, ಹಂಗಾಮಿಗೆ ಬಾಡಿಗೆ ಒಂದಕ್ಕೆ 1,500-2,000 ರೂ. ರಸ ಹೀರುವ ಥ್ರಿಪ್ಸ್ ಹುಳಕ್ಕೆ ಔಷಧ ಹೊಡೆಯುವುದೆಲ್ಲ ಪೆಟ್ಟಿಗೆ ಬರುವ ಮೊದಲೇ ಮುಗಿಯಬೇಕು. ನೆರೆಯವನ ಸಿಂಪರಣೆಯೇ ದೊಡ್ಡ ಅಪಾಯ. ಅವನಿಗೂ ಅರ್ಧ ಕೆಜಿ ಬೀಜ ಪುಕ್ಕಟೆ ಅಂದರೆ ಸಂಜೆ ಹೊಡೆಯುತ್ತಾನೆ. ಪುಣೆಯಲ್ಲೇ 1962ರಿಂದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಗುಂಪಿನ ಇಬ್ಬರನ್ನು ಜೇನು ಸಾಕಲು ಕಲಿಸಿ ತಂದರೆ ಬಾಡಿಗೆ ಉಳಿಯುತ್ತದೆ.

ಗೊಂಡೆಯಲ್ಲಿ ಕಪ್ಪು ಬೀಜ ಇಣುಕಿದಾಗ, ಬೆಳಗಿನ ಇಬ್ಬನಿ ಆರುವ ಮೊದಲು, ಗೇಣುದ್ದ ದಂಡು ಇಟ್ಟು ಕೊಯ್ಯಬೇಕು. ಮೂರು-ನಾಲ್ಕು ಸರತಿ. ಒಣಗಿಸುವುದು ನೆರಳಲ್ಲಿ, ತಾಡಪತ್ರಿಯ ಮೇಲೆ. ಏಪ್ರಿಲ್ ಬಿಸಿಲಿನ ಸಿಮೆಂಟು ಅಂಗಳ ಬೀಜವನ್ನು ಹುರಿಯುತ್ತದೆ. ಒಕ್ಕಿ ತೂರಿದ ಮೇಲೆ ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ. ಎರಡು-ಮೂರು ನಿಮಿಷದೊಳಗೆ ತೆಗೆದು ಅಂದೇ ಒಣಗಿಸದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಎಕರೆಗೆ ಶುದ್ಧ ಮಾಲು ಎರಡೂವರೆ ಕ್ವಿಂಟಲ್; ಅಕಾಲಿಕ ಮಳೆ ಹೊಡೆದ ವರ್ಷ ಒಂದೂವರೆಗೆ ಇಳಿದಿತ್ತು.

ಇನ್ನು ಕೈ ಸುಟ್ಟುಕೊಂಡ ಭಾಗ. ಮೊದಲ ವರ್ಷ ಬೀಜ ಚೆನ್ನಾಗಿ ಒಣಗಿದೆ ಎಂದು ನಂಬಿ ಮೇ ಕೊನೆಗೆ ಅಲ್ಯೂಮಿನಿಯಂ ಪೊಟ್ಟಣಕ್ಕೆ ತುಂಬಿ ಸೀಲ್ ಮಾಡಿದೆವು. ತೇವಾಂಶ ಶೇಕಡಾ ಎಂಟೂವರೆ ಇತ್ತೆಂದು ತಿಳಿದದ್ದು ಆಮೇಲೆ. ಮೊಳಕೆ ಮೇನಲ್ಲಿ ನೂರಕ್ಕೆ 82, ಅಕ್ಟೋಬರಿನಲ್ಲಿ 54. ಕನಿಷ್ಠ ಮಿತಿ 70. ಅದೇ ರಾಶಿಯಿಂದ ಬಟ್ಟೆ ಚೀಲದಲ್ಲಿ ಉಳಿದಿದ್ದದ್ದು ಇದಕ್ಕಿಂತ ವಾಸಿ ಇತ್ತು! ಗಾಳಿಯಾಡದ ಪೊಟ್ಟಣಕ್ಕೆ ತೇವ 6ಕ್ಕೆ ಇಳಿಯಲೇಬೇಕು, ಇಲ್ಲದಿದ್ದರೆ ಬೀಜ ತನ್ನ ಬೆವರಿನಲ್ಲೇ ಬೇಯುತ್ತದೆ. ಮೂರು ಕ್ವಿಂಟಲಿನ ದುಡ್ಡು ವಾಪಸ್ ಕೊಡಬೇಕಾಯಿತು, ಸುಮಾರು ಮೂರು ಲಕ್ಷ.

ಈಗ ರಬ್ಬರ್ ಉಂಗುರದ ಮುಚ್ಚಳವಿರುವ 50 ಲೀಟರ್ ಪ್ಲಾಸ್ಟಿಕ್ ಡ್ರಮ್ಮು. ಬೀಜ ತೆಳು ಬಟ್ಟೆ ಚೀಲದಲ್ಲಿ, ಅದರಷ್ಟೇ ತೂಕದ ನೀಲಿ ಸಿಲಿಕಾ ಜೆಲ್ ಸುತ್ತ, ನಾಲ್ಕೈದು ದಿನ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೆಗೆದು ಸಣ್ಣ ಉರಿಯಲ್ಲಿ ಮತ್ತೆ ನೀಲಿ ಮಾಡಿ ಹಾಕುವುದು; ಉರಿ ಜೋರಾದರೆ ಬಣ್ಣವೇ ಸತ್ತುಹೋಗುತ್ತದೆ, ಮುಂದೆ ಗುರುತು ಸಿಗುವುದಿಲ್ಲ. ಸಿಲಿಕಾ ದುಬಾರಿ ಎಂದು ಹುರಿದ ಅಕ್ಕಿಯಲ್ಲೂ ನೋಡಿದೆವು. ಬೀಜದ ಮೂರು ಪಟ್ಟು ಅಕ್ಕಿ, ಎರಡು ಸಲ ಬದಲು. ತೇವ ಏಳರ ಹತ್ತಿರ ಬಂತು, ಜೊತೆಗೆ ಇಲಿಯೂ ಬಂತು.

ಮೊಳಕೆ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಮೇ ತಿಂಗಳ 38 ಡಿಗ್ರಿಯಲ್ಲಿ ಒದ್ದೆ ಕಾಗದದಲ್ಲಿ ಸುತ್ತಿಟ್ಟರೆ ಒಳ್ಳೆಯ ಬೀಜವೂ 50-55 ತೋರಿಸುತ್ತದೆ. ಈರುಳ್ಳಿಗೆ 20 ಡಿಗ್ರಿ ಬೇಕು, ಎಣಿಕೆ 6 ಮತ್ತು 12ನೇ ದಿನ. ಎರಡು ಮಣ್ಣಿನ ಮಡಕೆ, ಒಂದರೊಳಗೆ ಒಂದು, ನಡುವೆ ಒದ್ದೆ ಮರಳು. ಬೀಜದ ಕಾಗದ ಒಳಗಿಟ್ಟು ಅದನ್ನು ಕೂಲರಿನ ಎದುರು ಇಟ್ಟೆವು. ಅದೇ ಬೀಜ 80 ದಾಟಿತು. ಈ ತಪ್ಪಿನಿಂದ ಒಬ್ಬ ರೈತರ 30 ಕೆಜಿಯನ್ನು ತಿರಸ್ಕರಿಸಿ, ಆಮೇಲೆ ಮನೆಗೆ ಹೋಗಿ ಕ್ಷಮೆ ಕೇಳಿದ್ದೂ ಉಂಟು.

ಹಣದ ಕಡೆಗೆ ಬರೋಣ. ರೈತನಿಗೆ ಕೆಜಿಗೆ 600. ಅರ್ಧ ಮೇನಲ್ಲಿ ತೂಕದ ದಿನವೇ, 30 ಭಾಗ ಜುಲೈ ಮೊಳಕೆ ಪರೀಕ್ಷೆಯ ಮೇಲೆ, ಉಳಿದ 20 ದೀಪಾವಳಿ ಕಳೆದು. ಮೇ ತಿಂಗಳ ಹಣ ಹೊಂದಿಸಲು ಸಾಲ ಒಂದಿಷ್ಟು, ಉಳಿದದ್ದು ಅಕ್ಷಯ ತೃತೀಯಕ್ಕೆ ಬೀಜ ಕೊಳ್ಳುವವರಿಂದ ತೆಗೆದುಕೊಳ್ಳುವ ಮುಂಗಡ. ಆಗ ಹಿಂಗಾರಿ ಗಡ್ಡೆ ಮಾರಿದ ದುಡ್ಡು ಜನರ ಜೇಬಿನಲ್ಲಿರುತ್ತದೆ. ಕೆಜಿಗೆ 100 ಕೊಟ್ಟು ಹೆಸರು ಬರೆಸಿದವರಿಗೆ ಅಕ್ಟೋಬರಿನಲ್ಲಿ ದರ 100 ಕಡಿಮೆ. ಅಂಗಡಿಯಲ್ಲಿ 1,100. ಕೆಜಿಗೆ ಖರ್ಚು: ಪ್ಯಾಕಿಂಗು, ಶುದ್ಧೀಕರಣ 70, ಸಿಲಿಕಾ-ಡ್ರಮ್ಮು 20, ಪರೀಕ್ಷೆ-ಲೇಬಲ್ 20, ಸಾಗಾಟ 30, ಅಂಗಡಿಯವನ ಕಮಿಷನ್ 120, ಬಡ್ಡಿ 20, ವಾಪಸಿಗೆಂದು ತೆಗೆದಿಡುವುದು 50. ಅಂಗಡಿ ಮಾಲಿನಲ್ಲಿ ಗುಂಪಿಗೆ ಉಳಿಯುವುದು 170 ಆಸುಪಾಸು. ಮುಂಗಡದವರ ಮಾಲಿಗೆ ಕಮಿಷನ್ ಇಲ್ಲ, ಹಾಗಾಗಿ ರಿಯಾಯಿತಿ ಅಲ್ಲೇ ಸರಿಹೋಗುತ್ತದೆ. 8 ಕ್ವಿಂಟಲ್ ಮಾರಿದರೆ ಒಬ್ಬ ಹುಡುಗನ ವರ್ಷದ ಸಂಬಳ ಹುಟ್ಟುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಅನುದಾನ ನಿಂತ ದಿನ ಕೆಲಸವೂ ನಿಲ್ಲುತ್ತದೆ. ಒಂಬತ್ತು-ಹತ್ತು ರೈತರು, ತಲಾ 14 ಗುಂಟೆ: ಇದಕ್ಕಿಂತ ಸಣ್ಣ ಗುಂಪು ಕಟ್ಟುವುದನ್ನು ಬಿಟ್ಟಿದ್ದೇವೆ.

ಸಂರಕ್ಷಿತ ತಳಿಯ ಬೀಜವನ್ನೂ ರೈತ ಬ್ರಾಂಡ್ ಹಾಕದೆ ಮಾರಲು 2001ರ ಸಸ್ಯ ತಳಿ ಕಾಯ್ದೆಯ 39ನೇ ಕಲಂ ಬಿಡುತ್ತದೆ. ಹೆಸರು, ಚಿತ್ರ ಹಾಕಿ ಅಂಗಡಿಗೆ ಇಳಿಸಿದಿರೋ, 1983ರ ಬೀಜ ನಿಯಂತ್ರಣ ಆದೇಶದ ಪರವಾನಗಿ ಬೇಕು. ಅದನ್ನು ಜೂನಿನೊಳಗೆ ಮುಗಿಸಿ.

ಕನ್ನಡ ಮಾತಾಡುವ ಜತ್ತ, ವಿಜಯಪುರದ ಕಡೆ ಮಾರಾಟ ಹತ್ತಿದ್ದು ಲೇಬಲ್ ಬದಲಿಸಿದ ಮೇಲೆ. ಮೊದಲು ಮರಾಠಿಯಲ್ಲಿ ಮಾತ್ರ ಇತ್ತು. ಈಗ ಹಿಂಬದಿ ಕನ್ನಡ, ಅದೂ ‘ಉಳ್ಳಾಗಡ್ಡಿ ಬೀಜ’ ಅಂತಲೇ. ಒಕ್ಕಿದ ತಿಂಗಳನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ, ಏಕೆಂದರೆ ಎಲ್ಲರ ಮೊದಲ ಪ್ರಶ್ನೆ, ‘ಹ್ವಾದ ವರ್ಷದ್ದಲ್ಲಲ್ರೀ?’ ಪುಣೆಯ ಕನ್ನಡಿಗರ ಬಾಲ್ಕನಿ ಕುಂಡಗಳಿಗೆ ಪುಂಡಿಪಲ್ಯ, ಅವರೆ ಬೀಜದ 20 ರೂಪಾಯಿ ಪೊಟ್ಟಣವನ್ನೂ ಮಾಡಿ ನೋಡಿದೆವು. ದೇಸಿ ಬೀಜ ಕಾಪಾಡಿದ ಅಕೋಲೆಯ ರಾಹೀಬಾಯಿ ಪೋಪೆರೆ ಅವರ ಹೆಸರು ಪದ್ಮಶ್ರೀ ಪಟ್ಟಿಯಲ್ಲಿ ಬಂದಾಗಿನಿಂದ ದೇಸಿ ಬೀಜ ಅಂದರೆ ಪೇಟೆಯವರೂ ಕಿವಿ ನಿಮಿರಿಸುತ್ತಾರೆ. ಪುಂಡಿ ನಾಲ್ಕು ದಿನದಲ್ಲಿ ಖಾಲಿ. ಆದರೆ ಪೊಟ್ಟಣ ತುಂಬುವ ಕೂಲಿಯೇ ಏಳೆಂಟು ರೂಪಾಯಿ ತಿಂದಿತು. ಹೆಸರು ಬಂತು, ದುಡ್ಡು ಬರಲಿಲ್ಲ.

ಗಡ್ಡೆಯ ಪೇಟೆ ಬಿದ್ದರೆ ಬೀಜದ ಪೇಟೆಯೂ ಮಲಗುತ್ತದೆ. 2023ರ ಡಿಸೆಂಬರ್ 8ಕ್ಕೆ ರಫ್ತು ನಿಷೇಧ ಬಂದಂಥ ಸುದ್ದಿ ನಡು ಹಂಗಾಮಿನಲ್ಲಿ ಬಿದ್ದರೆ ಏನೂ ಮಾಡಲಾಗದು. ಅದಕ್ಕೇ ಮುಂಗಡ ಬಂದಷ್ಟರ ಒಂದೂವರೆ ಪಟ್ಟಿಗಿಂತ ಹೆಚ್ಚು ಬೀಜವನ್ನು ರೈತರಿಂದ ಎತ್ತುವುದಿಲ್ಲ. ಆದರೂ ಡಿಸೆಂಬರಿನಲ್ಲಿ 40-50 ಕೆಜಿ ಉಳಿಯುತ್ತದೆ, ಅದನ್ನು ಮುಂದಿನ ವರ್ಷಕ್ಕೆ ಇಡುವ ಆಸೆ ಬೇಡ. ಹಡಪ್ಸರ, ಮಂಚರ ಕಡೆ ಎಳೆ ಈರುಳ್ಳಿ ಸೊಪ್ಪು ಬೆಳೆಯುವವರು ಒತ್ತಾಗಿ ಚೆಲ್ಲುತ್ತಾರೆ. ಮೊಳಕೆ 60ಕ್ಕೆ ಇಳಿದದ್ದೂ ಅವರಿಗೆ ನಡೆಯುತ್ತದೆ. ಶೇಕಡಾವಾರು ಬಾಯಿಬಿಟ್ಟು ಹೇಳಿ, ಬ್ರಾಂಡ್ ಇಲ್ಲದ ಚೀಲದಲ್ಲಿ, ರೈತನ ಹೊಲದಿಂದಲೇ ನೇರವಾಗಿ, ಕೆಜಿಗೆ 300. ನಗದು ಮಾತ್ರ, ಉದ್ರಿ ಇಲ್ಲ.