ಮಳೆ ಬಂದಾಗ ಬಸಿನೀರಿನ ನೈಟ್ರೇಟ್ ಅಳೆಯುವುದು ಹೇಗೆ?

ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ, ಆಮೇಲೆ ಬ್ಯಾಕ್ಟೀರಿಯಾಗಳಿಂದ ನೈಟ್ರೇಟ್ ಆಗುತ್ತದೆ. ಅಮೋನಿಯಂ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ನೈಟ್ರೇಟ್ ಅಂಟುವುದಿಲ್ಲ, ನೀರಿನ ಜೊತೆ ಇಳಿದು ಹೋಗುತ್ತದೆ. ಹಾಗಾದರೆ ಮಳೆ ಜಾಸ್ತಿಯಾದಷ್ಟೂ ಬಸಿನೀರಲ್ಲಿ, ಅಂದರೆ ಮಣ್ಣಿನಿಂದ ಬಸಿದು ಹೊರಬರುವ ನೀರಲ್ಲಿ, ನೈಟ್ರೇಟ್ ಜಾಸ್ತಿ, ಅಲ್ವಾ? ಯಾವಾಗಲೂ ಹಾಗಲ್ಲ. ಅಳೆದು ನೋಡಿದರೆ ಗೊತ್ತಾಗುತ್ತದೆ.

ಮಳೆಗೆ ಮುಂಚೆಯೇ ಹೊಲದ ಅಡಿಯಿಂದ ಬಸಿನೀರನ್ನು ಹೊರಗೆ ತರುವ ಕೊಳವೆಯ ಬಾಯಲ್ಲಿ ಒಂದು ಬಾಟಲಿ ನೀರು ಹಿಡಿಯಿರಿ. ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದುಕೊಳ್ಳಿ. ದಿನಾಂಕ, ಹೊತ್ತು ಬರೆದಿಡಿ.

ಮಳೆ ಜೋರಾದಾಗ ಇನ್ನೊಂದು ಬಾಟಲಿ. ಈಗ ನೈಟ್ರೇಟ್ ಅಂಕಿ ಕಡಿಮೆ ಬಂದರೆ ಗಾಬರಿ ಬೇಡ. ಬಿರುಕು, ಎರೆಹುಳದ ಬಿಲಗಳ ಮೂಲಕ ಹೊಸ ಮಳೆನೀರು ಸೀದಾ ಕೊಳವೆಗೆ ಇಳಿದು ಹಳೆಯ ನೀರನ್ನು ತೆಳುವಾಗಿಸಿರುತ್ತದೆ. ಮಳೆ ನಿಂತು ಹರಿವು ತಗ್ಗುತ್ತಾ ಬಂದಾಗ ಮಣ್ಣಿನೊಳಗಿನ ನೀರು ನಿಧಾನಕ್ಕೆ ಬಸಿಯುತ್ತದೆ. ಅಂಕಿ ಏರುವುದು ಹೆಚ್ಚಾಗಿ ಆಗಲೇ. ಹಾಗಾಗಿ ಮಳೆ ನಿಂತ ಮೇಲೂ ಒಂದೆರಡು ದಿನ ನೀರು ಹಿಡಿಯುವುದನ್ನು ಬಿಡಬೇಡಿ. ಎಷ್ಟೋ ಜನ ತಪ್ಪಿಸಿಕೊಳ್ಳುವುದು ಇದನ್ನೇ.

ಪರೀಕ್ಷೆಗೆ ನೈಟ್ರೇಟ್ ಪಟ್ಟಿ (ನೀರಲ್ಲಿ ಅದ್ದಿದರೆ ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿ) ಸಾಕು. ಅದ್ದಿ ತೆಗೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾದು, ಬಣ್ಣ ಹೋಲಿಸಿ. ಅಂಕಿ ಪೂರ್ತಿ ನೈಟ್ರೇಟಿನದೋ, ಅದರೊಳಗಿನ ಸಾರಜನಕದ್ದು ಮಾತ್ರವೋ ಅಂತ ಡಬ್ಬಿ ಮೇಲೆ ನೋಡಲೇಬೇಕು. ಲೀಟರಿಗೆ 10 ಮಿ.ಗ್ರಾಂ ಸಾರಜನಕ ಅಂದರೆ ಸುಮಾರು 44 ಮಿ.ಗ್ರಾಂ ನೈಟ್ರೇಟ್. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 50 ಮಿ.ಗ್ರಾಂ ನೈಟ್ರೇಟ್. ತಕ್ಷಣ ಪರೀಕ್ಷೆ ಮಾಡಲಾಗದಿದ್ದರೆ ಬಾಟಲಿಯನ್ನು ಫ್ರಿಡ್ಜಲ್ಲಿಡಿ.

ಪಟ್ಟಿಯ ಅಂಕಿ ನೋಡಿ ಸುಮ್ನೆ ಕೂರಬೇಡಿ, ಹರಿವನ್ನೂ ಅಳೆಯಿರಿ. 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು? 20 ಸೆಕೆಂಡ್ ಹಿಡಿದು, ಪಟ್ಟಿ ಲೀಟರಿಗೆ 40 ಮಿ.ಗ್ರಾಂ ನೈಟ್ರೇಟ್ ತೋರಿಸಿದರೆ, ಗಂಟೆಗೆ 72 ಗ್ರಾಂ ನೈಟ್ರೇಟ್ ಹೊರಗೆ ಹೋಗುತ್ತಿದೆ. ಜೋರು ಮಳೆಯಲ್ಲಿ ಅದೇ ಬಕೆಟ್ 4 ಸೆಕೆಂಡಿಗೆ ತುಂಬಿ, ಪಟ್ಟಿ ಬರೀ 20 ತೋರಿಸಿದರೂ ಹೋಗುವುದು 180 ಗ್ರಾಂ. ಅಂಕಿ ಅರ್ಧ, ನಷ್ಟ ಎರಡೂವರೆ ಪಟ್ಟು!

ಬಹಳ ದಿನ ಒಣಗಿದ್ದ ಹೊಲದಲ್ಲಿ ಬೆಳೆ ಬಳಸದ ನೈಟ್ರೇಟ್ ಕೂಡಿಕೊಂಡಿರುತ್ತದೆ. ಮಳೆ ಶುರುವಾಗಿ ಕೊಳವೆ ಮೊದಲ ಸಲ ಹರಿದಾಗ ತಪ್ಪದೆ ನೀರು ಹಿಡಿಯಿರಿ. ಮೇಲುಗೊಬ್ಬರ ಹಾಕುವ ವಾರ ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಮಳೆ ಕಳೆದ ಮೇಲೆ ಗೊಬ್ಬರ ಹಾಕುವುದೇ ಒಳ್ಳೆಯದು.