ಮ್ಯಾಕ್‌ನಲ್ಲಿ ವಿಂಡೋಸ್‌ನ ರೂಟ್ ಸಾಫ್ಟ್‌ವೇರ್

ಗೆಳೆಯರೇ, ಕೊಪ್ಪಳದಿಂದ ಆನೆಗೊಂದಿವರೆಗಿನ ಸೈಕಲ್ ಸವಾರಿಗೆ ರೂಟ್ ಹಾಕೋಕೆ ವಿಂಡೋಸ್ ಸಾಫ್ಟ್‌ವೇರೇ ಬೇಕಾ, ಮ್ಯಾಕ್ ಇದ್ದವರು ಏನು ಮಾಡಬೇಕು ಅಂತ ಇಬ್ಬರು ಕೇಳಿದ್ದರು.

ಮೊದಲು ಆಪಲ್ ಮೆನುವಿನಲ್ಲಿ ‘ಅಬೌಟ್ ದಿಸ್ ಮ್ಯಾಕ್’ ತೆಗೆದು ಚಿಪ್ ನೋಡಿ. ಇಂಟೆಲ್ ಇದ್ದರೆ, ಮ್ಯಾಕ್‌ನಲ್ಲಿ ವಿಂಡೋಸ್ ಹಾಕಿಕೊಳ್ಳೋಕೆ ಆಪಲ್ ಕೊಡುವ ಬೂಟ್ ಕ್ಯಾಂಪ್ ಸಾಕು. ಆಪಲ್‌ನದೇ ಎಂ1 ಚಿಪ್ ಅಥವಾ ಅದರ ನಂತರದ್ದಾದರೆ ಬೂಟ್ ಕ್ಯಾಂಪ್ ಇಲ್ಲ, ಮ್ಯಾಕ್ ಒಳಗೇ ವಿಂಡೋಸ್ ಓಡಿಸುವ ಬೇರೆ ಸಾಫ್ಟ್‌ವೇರ್ ಬೇಕು. ಅಂಥದ್ದರಲ್ಲಿ ಪ್ಯಾರಲಲ್ಸ್‌ಗೆ ದುಡ್ಡು ಕೊಡಬೇಕು. ವಿಎಂವೇರ್ ಫ್ಯೂಷನ್ 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ, ನನ್ನ ಮಟ್ಟಿಗೆ ಅದೇ ಸಾಕು. ಅದರಲ್ಲಿ ವಿಂಡೋಸ್ 11ರ ಆರ್ಮ್ ಆವೃತ್ತಿ (ಈ ಬಗೆಯ ಚಿಪ್‌ಗೆ ಹೊಂದುವುದು) ಹಾಕಿ.

ಇಲ್ಲೇ ನಾನು ಒಂದಿಡೀ ಸಂಜೆ ಒದ್ದಾಡಿದ್ದು. ಮ್ಯಾಪ್ ತೆರೆಯಿತು, ರೂಟ್ ಸಿದ್ಧವಾಯಿತು, ಆದರೆ ಕೇಬಲ್ ಚುಚ್ಚಿದರೆ ಸೈಕಲ್‌ಗೆ ಹಾಕುವ ಜಿಪಿಎಸ್ ಸಾಧನ ಕಾಣಲೇ ಇಲ್ಲ. ಆರ್ಮ್ ವಿಂಡೋಸ್ ಹಳೆಯ ಸಾಫ್ಟ್‌ವೇರ್ ಓಡಿಸುತ್ತದೆ, ಆದರೆ ಸಾಧನವನ್ನು ವಿಂಡೋಸ್‌ಗೆ ಜೋಡಿಸುವ ಹಳೆಯ ಡ್ರೈವರ್ ಓಡಿಸಲ್ಲ. ಹಾಗಾಗಿ ಸುಮ್ನೆ ಡ್ರೈವರ್ ಹುಡುಕಬೇಡಿ. ರೂಟನ್ನು ಜಿಪಿಎಕ್ಸ್ ಫೈಲ್ (ಜಿಪಿಎಸ್ ಸಾಧನಗಳು ಓದುವ ರೂಟ್ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡಿ, ಮ್ಯಾಕ್‌ನ ಫೋಲ್ಡರ್‌ಗೆ ತನ್ನಿ. ಗಾರ್ಮಿನ್ ಈಟ್ರೆಕ್ಸ್ 10 ಥರದ ಜಿಪಿಎಸ್ ಮ್ಯಾಕ್‌ಗೆ ಪೆನ್‌ಡ್ರೈವ್ ಹಾಗೆ ಕಾಣುತ್ತದೆ. ಅದರ ‘ಗಾರ್ಮಿನ್’ ಫೋಲ್ಡರ್ ಒಳಗಿನ ‘ಜಿಪಿಎಕ್ಸ್’ ಫೋಲ್ಡರ್‌ಗೆ ಫೈಲ್ ಹಾಕಿ, ಇಜೆಕ್ಟ್ ಮಾಡಿಯೇ ಕೇಬಲ್ ಕೀಳಿ.

ಇನ್ನೊಂದು ಮಾತು. ಸಾಫ್ಟ್‌ವೇರ್ ದೊಡ್ಡ ರಸ್ತೆಯನ್ನೇ ಹಿಡಿಯಬಹುದು. ಸಣಾಪುರದ ಕೆರೆ ಹತ್ತಿರ, ಅಂಜನಾದ್ರಿ ಬುಡದಲ್ಲಿ ಒಂದೊಂದು ಪಾಯಿಂಟ್ ಇಡಿ. ಬಂಡೆಗಳ ನಡುವಿನ ಆ ಗದ್ದೆ ದಾರಿ ತಪ್ಪಿಸಿಕೊಳ್ಳಬಾರದು, ಅಲ್ವಾ? ಚಿಪ್ ಯಾವುದು ಅಂತ ಬರೆದರೆ ಶನಿವಾರ ಕೂತು ಹಾಕಿಕೊಡುತ್ತೇನೆ.